ಮುಂಬೈ ತೋರಿಸುತ್ತಿದ್ದ ಕಾಕು

ಕಾಕು ಕೈ ಹಿಡಿದರೆ ಆಕೆಯ ಹಸಿರು ಬಳೆಗಳ ಗುರುತು ಹಿಡಿಸಿಕೊಂಡವರ ಮಣಿಕಟ್ಟಿನ ಮೇಲೆ ಒಂದಷ್ಟು ಹೊತ್ತು ಉಳಿಯುತ್ತಿತ್ತು. ದಾದರ್ ಸ್ಟೇಷನ್ನಿನ ಗದ್ದಲದಲ್ಲಿ ಆಕೆ ಯಾರನ್ನೂ ಬೆರಳು ಹಿಡಿದು ನಡೆಸಿದವಳಲ್ಲ. ಮಣಿಕಟ್ಟನ್ನೇ ಹಿಡಿದು ಎಳೆದೊಯ್ಯುವಳು. ಹಾಗೆ ಎಳೆಸಿಕೊಂಡವರೆಲ್ಲ ರೋಗಿಗಳು.

ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆ ಆಕೆಯದು. ರಕ್ತಸಂಬಂಧವೇನೂ ಇಲ್ಲ, ಇಬ್ಬರೂ ವಿಜಯಪುರದ ಕಡೆಯವರು, ಅಷ್ಟು ಸಾಕಾಯಿತು. ನಮ್ಮ ಕಡೆಯವರು ಮುಂಬೈಗೆ ಬರುವುದು ಹೊಟ್ಟೆಪಾಡಿಗೆ, ಇಲ್ಲವೇ ದೊಡ್ಡ ಆಸ್ಪತ್ರೆಗೆ. ಊರಿನ ಡಾಕ್ಟರರು ಕೈಚೆಲ್ಲಿದ ಮೇಲೆ ಯಾರದೋ ಪರಿಚಯ ಹಿಡಿದು ಕಾಕುವಿನ ಮನೆಗೆ ಬಂದಿಳಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಹಸಿರು ಬಳೆ ಬಿಡದೆ ಒಬ್ಬಳೇ ಉಳಿದ ಆಕೆಗೆ ಅದೇ ಸಂಸಾರ. ಎರಡು ಚಿಕಿತ್ಸೆಗಳ ನಡುವೆ ರೋಗಿಯ ಮೈಗೆ ತುಸು ತ್ರಾಣ ಬಂದ ದಿನ ಚೀಲಕ್ಕೆ ನೀರು, ನಿಂಬೆಹಣ್ಣು, ವಾಂತಿಗೆಂದು ಪ್ಲಾಸ್ಟಿಕ್ ಕವರು ತುಂಬಿಕೊಂಡು, "ಹಾಸಿಗಿ ಎಲ್ಲಿ ಓಡಿ ಹೋಗ್ತೈತಿ? ಏಳ್ರಿ, ಮುಂಬೈ ನೋಡೂಣು" ಎಂದು ಹೊರಡಿಸುತ್ತಿದ್ದಳು.

ಆಕೆ ತೋರಿಸುವ ರೀತಿಯೇ ಬೇರೆ. ಗೇಟ್‌ವೇ ಮುಂದೆ ನಿಂತು, "ಇಷ್ಟ ದೊಡ್ಡ ಬಾಗಲಾ ಕಟ್ಟ್ಯಾರ, ಹಿಂದ ಮನೀನ ಇಲ್ಲ. ಗೋಳಗುಮ್ಮಟ ನೋಡಿದ ಕಣ್ಣಿಗೆ ಇದೇನ್ ಮಹಾ!" ಎನ್ನುವಳು. ರಾಣಿಬಾಗ್ ಮೃಗಾಲಯದ ಪೆಂಗ್ವಿನ್ನುಗಳೆದುರು, "ನೋಡ್ರಿ, ಈ ಹಕ್ಕಿಗೋಳಿಗೂ ಏಸಿ. ನಮ್ಮ ಖೋಲ್ಯಾಗ ಫ್ಯಾನ್ ಸೈತ ಸರಿಯಾಗಿ ತಿರಗೂದಿಲ್ಲ." ಕೂದಲುದುರಿದ ಹೆಂಗಸರು ತಲೆಯ ಸ್ಕಾರ್ಫ್ ಜಾರುವಷ್ಟು ನಗುತ್ತಿದ್ದರು.

ಆದರೆ ಆಕೆಗೊಂದು ಕಟ್ಟಳೆಯಿತ್ತು. ಯಾವ ರೋಗಿಗೂ ಪೂರ್ತಿ ಮುಂಬೈ ತೋರಿಸುತ್ತಿರಲಿಲ್ಲ. ಅವರು ಬಹಳ ಆಸೆಪಟ್ಟ ಜಾಗ ಯಾವುದೋ ಅದನ್ನೇ ತಡೆದಿಡುವಳು. ಒಬ್ಬರಿಗೆ ಚೌಪಾಟಿ, ಇನ್ನೊಬ್ಬರಿಗೆ ಹಾಜಿ ಅಲಿ. "ಒಂದ್ ಬಾಕಿ ಇರ್ಲಿ. ಬಾಕಿ ಇಟ್ಟಾವ್ರು ತಿರಗಿ ಬಂದ ಬರ್ತಾರ." ಹಾಗೆ ಬಾಕಿ ಇಟ್ಟವರಲ್ಲಿ ಎಷ್ಟೋ ಜನ ತಿರುಗಿ ಬರಲಿಲ್ಲ. ಆಕೆ ಮಾತ್ರ ಕಟ್ಟಳೆ ಬಿಡಲಿಲ್ಲ.

ನನ್ನ ಅಕ್ಕ ಬಂದದ್ದು ಗರ್ಭಕೋಶದ ಕ್ಯಾನ್ಸರಿಗೆ. ನೀರೆಂದರೆ ಹೊಲದ ಪಕ್ಕದ ಕೆನಾಲಷ್ಟೇ ಕಂಡವಳು. ಘಾರಾಪುರಿ ದ್ವೀಪಕ್ಕೆ ಹೋಗುವ ಲಾಂಚ್ ಹತ್ತಬೇಕೆಂದು ಒಂದೇ ಹಟ. ಅಲ್ಲಿನ ಗುಹೆ ಅವಳಿಗೆ ಬೇಕಿರಲಿಲ್ಲ, ಸಮುದ್ರದ ಮೇಲೆ ಹೋಗಬೇಕಿತ್ತು. ಅದೇ ಬಾಕಿಯಾಯಿತು.

ಎರಡನೆಯ ಸ್ಕ್ಯಾನ್ ಆದ ದಿನ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಇನ್ನು ಮಾಡುವಂಥದ್ದೇನೂ ಇಲ್ಲ, ಊರಿಗೆ ಕರೆದೊಯ್ಯಿರಿ ಎಂದರು. ಅಕ್ಕನಿಗೆ ನಾನು, ಚಿಕಿತ್ಸೆಗೆ ಎರಡು ತಿಂಗಳು ರಜೆ ಕೊಟ್ಟಿದ್ದಾರೆ ಎಂದೆ. ನಿಜ ಹೇಳಿದ್ದು ಕಾಕುವಿಗೊಬ್ಬಳಿಗೆ, ಮೆಟ್ಟಿಲ ಮೇಲೆ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. "ನಡಿಯವ್ವಾ, ಇವತ್ತ ಲಾಂಚ್ ಹತ್ತೂಣು." ಅಕ್ಕನ ಆಸೆಯೊಂದು ತೀರಲಿ ಎಂಬ ಆತುರದಲ್ಲಿ ತನ್ನ ಕಟ್ಟಳೆಯನ್ನೇ ಮರೆತಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದ ಅಕ್ಕನ ಕೈ ನಿಂತಿತು.

"ಕಾಕು, ಮತ್ತ ಬಾಕಿ ಯಾವ್ದು?"

ಮರೀನ್ ಡ್ರೈವ್ ಎನ್ನಬಹುದಿತ್ತು. ಹ್ಯಾಂಗಿಂಗ್ ಗಾರ್ಡನ್ ಎನ್ನಬಹುದಿತ್ತು. ಇಲ್ಲದ ಗುಡಿಯೊಂದನ್ನು ಹುಟ್ಟಿಸಿ ಹೇಳಿದ್ದರೂ ನಡೆಯುತ್ತಿತ್ತು. ಮುಂಬೈಯನ್ನು ಬಾಯಿಪಾಠ ಮಾಡಿಕೊಂಡಿದ್ದ ಹೆಂಗಸಿಗೆ ಆ ಹೊತ್ತು ಒಂದು ಹೆಸರು ಸಿಗಲಿಲ್ಲ. ಹಾಳಾದ್ದು, ನನಗೂ ಏನೂ ತೋಚಲಿಲ್ಲ.

ಅಕ್ಕ ಸ್ಕಾರ್ಫಿನ ಗಂಟು ಬಿಗಿದು ಎದ್ದಳು. "ನಡೀರಿ, ಹೋಗೂಣು" ಎಂದಳು.

ಲಾಂಚಿನ ಮೇಲಂತಸ್ತಿಗೆ ಅವಳನ್ನು ಇಬ್ಬರೂ ಹಿಡಿದು ಹತ್ತಿಸಿದೆವು. ಬಿಳಿ ಹಕ್ಕಿಗಳು ಬೆನ್ನು ಹತ್ತಿದ್ದವು, ಪ್ರವಾಸಕ್ಕೆ ಬಂದವರು ಅವಕ್ಕೆ ಚಿಪ್ಸ್ ಎಸೆಯುತ್ತ ಫೋಟೋ ತೆಗೆಯುತ್ತಿದ್ದರು. ದಡ ದೂರವಾದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಊರಿಗೆ ಹೋದ್ರ ಎಲ್ಲಾರೂ ಅಳಾಕ ನಿಂದರ್ತಾರ, ಮಾತಾಡಾಕ ಆಗೂದಿಲ್ಲ. ಇಲ್ಲೇ ಹೇಳ್ತೀನಿ ಕೇಳು. ನನ್ನ ಮಗಳ ಹತ್ತನೇತ್ತ ಮುಗದ ಕೂಡ್ಲೆ ಅಕಿ ಅಪ್ಪ ಲಗ್ನಾ ಮಾಡಾಂವ ಅದಾನ. ಮಾಡಗೊಡಬ್ಯಾಡ. ಅಕಿನ್ನ ಇಲ್ಲಿಗೆ ಕರಕೊಂಡ್ ಬಾ, ಓದಸು."

ನಾನು ಮಾತು ಕೊಟ್ಟೆ. ಕಾಕು ಆಚೆ ಮುಖ ಮಾಡಿ ಅಳುತ್ತಿದ್ದಳು.

ಊರಿಗೆ ಮರಳಿದ ಅಕ್ಕ ಯುಗಾದಿಗೆ ಮೊದಲೇ ತೀರಿಕೊಂಡಳು. ಭಾವನ ಜೊತೆ ಕೈ ಕೈ ಮಿಲಾಯಿಸುವಷ್ಟು ಜಗಳವಾಡಿ ಹುಡುಗಿಯನ್ನು ಕರೆತಂದೆ. ಈಗ ವಿಲೆ ಪಾರ್ಲೆಯ ಕಾಲೇಜಿಗೆ ಹೋಗುತ್ತಾಳೆ. ಆ ಬೆಳಿಗ್ಗೆ ಕಾಕು ಒಂದು ಸುಳ್ಳು ಹೇಳಿದ್ದರೆ ಅಕ್ಕ ನನ್ನ 'ರಜೆ'ಯನ್ನು ನಂಬಿಕೊಂಡು ಬಾಯಿ ಬಿಡದೆ ಹೋಗುತ್ತಿದ್ದಳು. ಈ ಹುಡುಗಿ ಇಷ್ಟೊತ್ತಿಗೆ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಕಾಕುವಿಗೆ ಇದನ್ನು ಎಷ್ಟು ಸಲ ಹೇಳಿದೆನೋ. ಆಕೆಯ ಮನಸ್ಸಿಗೆ ಇಳಿಯಲೇ ಇಲ್ಲ. ಆಮೇಲೆ ಆಕೆ ಯಾರಿಗೂ ಮುಂಬೈ ತೋರಿಸಲಿಲ್ಲ. ರೋಗಿಗಳು ಬರುತ್ತಲೇ ಇದ್ದರು; ಗಂಜಿ ಕಾಯಿಸಿ ಕೊಡುವಳು, ಕಾಲೊತ್ತುವಳು, ಯಾರಾದರೂ ಗೇಟ್‌ವೇ ಹೆಸರೆತ್ತಿದರೆ "ನೋಡೂ ಅಂಥಾದ್ದೇನೈತಿ ಅಲ್ಲಿ" ಎಂದು ಅಡುಗೆಮನೆಗೆ ಹೋಗುವಳು. ನನಗೆ ಆಕೆಯನ್ನು ನೋಡಿದರೆ ಸಂಕಟವಾಗುತ್ತಿತ್ತು.

ಹೋದ ದೀಪಾವಳಿ ಹೊತ್ತಿಗೆ ಆಕೆಯ ಹೃದಯ ಸೋತಿತು. ತೀರಿಕೊಳ್ಳುವ ಹಿಂದಿನ ಸಂಜೆ ಅಕ್ಕನ ಮಗಳು ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಚಮಚದಲ್ಲಿ ಮೋಸಂಬಿ ರಸ ಕುಡಿಸುತ್ತಿದ್ದಳು. "ನೋಡ್ರಿ ಕಾಕು, ಇಕಿ ಇಲ್ಲಿ ಕುಂತಿದ್ದು ನಿಮ್ಮಿಂದನ" ಎಂದೆ. ಆಕೆ ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಂದ್ ಹೆಸರ ಹೇಳಾಕ ಆಗಲಿಲ್ಲಲ್ಲೋ ತಮ್ಮಾ ನನಗ."