ಗೊರಕೆಯ ಒಡಪು

ನಮ್ಮ ಬಚ್ಚಲುಮನೆಯ ಕನ್ನಡಿಯ ಮೂಲೆಯಲ್ಲಿ ನನ್ನ ಹೆಂಡತಿಯ ಹಣೆಯ ಹಳೆಯ ಟಿಕಳಿಯೊಂದು ಅಂಟಿಕೊಂಡಿದೆ. ಒಂದು ವಾರದಿಂದ ಅದರ ಪಕ್ಕದಲ್ಲಿ ನನ್ನ ನಾಲಿಗೆಯೂ ಕಾಣಿಸುತ್ತಿದೆ. ನಗಬೇಡಿ, ನನ್ನ ಗೊರಕೆಗೆ ಹುಮನಾಬಾದಿನ ಡಾಕ್ಟರು ಹೇಳಿದ ಮದ್ದು ಇದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಬೇಕು, ಗಲ್ಲ ಉಬ್ಬಿಸಬೇಕು, ಗಂಟಲು ಬಿಗಿಹಿಡಿದು 'ಆ, ಈ, ಊ' ಎನ್ನಬೇಕು. ಅವರು ಕಲಿಸುವಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಈ ಪಾಠ ನನಗೆ ಹೊಸದಲ್ಲ.

ತೊಂಬತ್ತರ ದಶಕದಲ್ಲಿ ಇದೇ ಕನ್ನಡಿಯ ಮುಂದೆ ನನ್ನ ಹೆಂಡತಿ ಸುವರ್ಣಾ ಇದನ್ನೇ ಮಾಡುತ್ತಿದ್ದಳು. ಗಂಡಸು ಗೊರಕೆ ಹೊಡೆದರೆ ಪಾಪ, ದಣಿದಿದ್ದಾನೆ ಎನ್ನುತ್ತಾರೆ; ಹೆಂಗಸು ಹೊಡೆದರೆ ಊರೆಲ್ಲ ಸುದ್ದಿ. ಅವಳ ತವರು ಬಸವಕಲ್ಯಾಣದಲ್ಲಿ ತಂಗಿಯ ಮದುವೆಯಿತ್ತು. ಹೆಂಗಸರೆಲ್ಲ ಒಂದೇ ಪಡಸಾಲೆಯಲ್ಲಿ ಸಾಲಾಗಿ ಮಲಗುವವರು. ಅಷ್ಟರೊಳಗೆ ಗೊರಕೆ ತಗ್ಗಲಿ ಎಂದು ಎರಡು ತಿಂಗಳು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದಳು. ತಗ್ಗಿಯೂ ಇತ್ತು. ಪಕ್ಕದಲ್ಲಿ ಮಲಗುವ ನನಗೆ ಅದು ಗೊತ್ತಿತ್ತು, ಹೇಳಲಿಲ್ಲ.

ಮದುವೆಯ ಪಂಕ್ತಿಯಲ್ಲಿ ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಬೇಕೆಂದು ನಾದಿನಿಯರು ಹಟ ಹಿಡಿದರು.

"ಮಾಮಾ, ಹೆಸರ ಹೇಳದ ಹೋಳಿಗಿ ಮುಟ್ಟಂಗಿಲ್ಲ ನೋಡ್ರಿ!"

ನನಗೋ ಜನರನ್ನು ನಗಿಸುವ ಚಟ.

"ಕನ್ನಡಿ ಮುಂದ ನಾಲಗಿ ಚಾಚತಾಳ, ಗಲ್ಲ ಉಬ್ಬಸತಾಳ,
ಗೊರಕಿ ಬಿಡಾಕ ನಮ್ಮ ಸುವರ್ಣಾ ಸರ್ಕಸ್ ಮಾಡತಾಳ!"

ಪಂಕ್ತಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ತುಪ್ಪ ಬಡಿಸುತ್ತಿದ್ದ ಸುವರ್ಣಾಳೂ ನಕ್ಕಳು. ನಾನು ಆ ನಗುವನ್ನು ನಂಬಿಬಿಟ್ಟೆ. ಆ ರಾತ್ರಿ ಅವಳು ಕೂತೇ ಬೆಳಗು ಮಾಡಿದಳೆಂದು ಬಹಳ ದಿನಗಳ ಮೇಲೆ ಆ ತಂಗಿಯೇ ಹೇಳಿದಳು.

ಅಂದಿನಿಂದ ಅಭ್ಯಾಸ ಬಿಟ್ಟಳು. ತವರಿನಲ್ಲಿ ರಾತ್ರಿ ಉಳಿಯುವುದನ್ನೂ ಬಿಟ್ಟಳು. ಬೆಳಿಗ್ಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸು. ಕೆಲವು ವರ್ಷಗಳ ಮೇಲೆ ಅವಳ ತಾಯಿ ಹಾಸಿಗೆ ಹಿಡಿದಾಗಲೂ ಹಾಗೆಯೇ.

"ಇವತ್ತೊಂದ ರಾತ್ರಿ ನನ್ನ ಬಾಜೂಕ ಮಲ್ಕೋ ಮಗಳ," ಎಂದು ಆ ಮುದುಕಿ ಸೆರಗು ಹಿಡಿದಳಂತೆ.

"ನಾಳಿ ಬರ್ತೀನಿ ಯವ್ವಾ," ಎಂದು ಬಿಡಿಸಿಕೊಂಡು ಬಂದಳು.

ಮರುದಿನ ನಾವು ಹೋದದ್ದು ಮಣ್ಣಿಗೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ಸಾಲಿಯ ಹುಡುಗರಿಗೆ ಹತ್ತು ಸಲ ಬರೆಸಿದ ಮಾಸ್ತರ ನಾನು! ಆ ಒಂದು ರಾತ್ರಿಯನ್ನು ಅವಳಿಗೆ ಹೇಗೆ ತಂದುಕೊಡಲಿ, ನೀವೇ ಹೇಳಿ.

ಇವತ್ತು ಬೆಳಿಗ್ಗೆ ಆ ತಂಗಿ ಗಂಡನೊಡನೆ ನಮ್ಮ ಮನೆಗೆ ಬಂದಿದ್ದಳು. ಅದು ನನಗೆ ತಿಳಿದಿರಲಿಲ್ಲ, ಬಚ್ಚಲ ಬಾಗಿಲು ತೆರೆದಿಟ್ಟೇ 'ಆ, ಈ, ಊ' ಎನ್ನುತ್ತಿದ್ದೆ. ಸುವರ್ಣಾ ಬಂದು ನಿಂತಳು. ನಗುತ್ತಾಳೆಂದು ಕಾದೆ. ನಕ್ಕಿದ್ದರೆ ನನ್ನ ಭಾರ ಸ್ವಲ್ಪ ಇಳಿಯುತ್ತಿತ್ತು.

"ನಾಲಗಿ ಇನ್ನೂ ಹಿಂದಕ್ಕ ಒತ್ರಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಮಂದಿ ಬಂದಾರ, ಕೇಳಸ್ತದ," ಎಂದು ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಎಳೆದುಕೊಂಡಳು.