ಹಿನ್ನೀರಿನ ಕಡಲಕ್ಕಿಗಳು ಮತ್ತು ನಮ್ಮತ್ತಿಗೆ

ಕಳೆದ ಭಾನುವಾರ ನಮ್ಮತ್ತಿಗೆ ಆಕಾಶ ನೋಡಿಕೊಂಡು ಬೈದರು. ಜೋರಾಗಿ. ಸುತ್ತ ಜನ ಇದ್ದಾರೆ ಅನ್ನೋದನ್ನೂ ಮರೆತು.

ಅತ್ತಿಗೆ ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಚಾಮರಾಜಪುರಂನಲ್ಲಿ ಮನೆ, ಮುಂದಿನ ರೂಮಿನಲ್ಲೇ ಟೈಲರಿಂಗ್. ಯಾರಿಗೂ ಗಟ್ಟಿಯಾಗಿ ಒಂದು ಮಾತು ಅಂದವರಲ್ಲ. (ತಪ್ಪು ಅಳತೆ ಕೊಟ್ಟು ತಾವೇ ಜಗಳಕ್ಕೆ ಬರೋ ಗಿರಾಕಿಗಳಿಗೂ!)

ಚಳಿಗಾಲದಲ್ಲಿ ಇಲವಾಲದ ಆಚೆ ಹಿನ್ನೀರಿಗೆ ಕಡಲಕ್ಕಿಗಳು, ಅಂದ್ರೆ ಸೀಗಲ್‌ಗಳು, ಬರ್ತವೆ. ಎಲ್ಲಿಯ ಸಮುದ್ರ, ಎಲ್ಲಿಯ ಮೈಸೂರು? ಅಣ್ಣನಿಗೆ ಅವುಗಳ ಹುಚ್ಚು. ಅತ್ತಿಗೇನ ಸ್ಕೂಟರಿನಲ್ಲಿ ಕೂರಿಸ್ಕೊಂಡು ಹೋಗಿ ಕಡಲೆಪುರಿ ಎರಚೋನು. ಹಕ್ಕಿಗಳು ಗಾಳಿಯಲ್ಲೇ ಕ್ಯಾಚ್ ಹಿಡಿಯೋವು. ಅತ್ತಿಗೆ ಬಾಯ್ತುಂಬ ನಗೋರು. ಅಣ್ಣ ಹೋದ ಮೇಲೆ ಕರ್ಕೊಂಡು ಹೋಗೋ ಡ್ಯೂಟಿ ನಂದು.

ಈ ಸಲ ಜನ ಜಾಸ್ತಿ. ಎಲ್ಲರ ಕೈಯಲ್ಲೂ ಪುರಿ, ಬ್ರೆಡ್ಡು, ಮೊಬೈಲು. ಅತ್ತಿಗೆ ಒಂದು ಹಿಡಿ ಎರಚಿದ್ದೇ ತಡ, ಹಕ್ಕಿಗಳು ತಲೆ ಮೇಲೆ ಮುತ್ತಿದವು.

ಅಷ್ಟರಲ್ಲಿ ಮೇಲಿಂದ ಏನೋ ಕಲ್ಲಿನ ಹಾಗೆ ಬಿತ್ತು. ಡೇಗೆ! ಗಿಡುಗದಂಥ ಬೇಟೆ ಹಕ್ಕಿ. ಕಣ್ಣೆದುರೇ ಒಂದನ್ನು ಹೊಡೆದು ಎತ್ತಿಕೊಂಡು ಹೋಯಿತು. ಅತ್ತಿಗೆಯ ಸೆರಗಿನ ಮೇಲೆ ಬಿಳಿ ಪುಕ್ಕ.

"ಬುಡೋ ಅದನ್ನ! ಪಾಪಿ! ಬುಡೋ!"

ಹಿಂದೆ ಯಾರೋ "ಸೂಪರ್ ವಿಡಿಯೋ" ಅಂದರು. ನಾನು "ಅದರ ಹೊಟ್ಟೆಪಾಡು, ಬಿಡಿ ಅತ್ತಿಗೆ" ಅಂದೆ.

"ಅದರದ್ದು ತಪ್ಪು ಅಂದ್ನಾ? ಹೋದ ವಾರಾನೂ ಹಿಂಗೇ, ಪುರಿ ಎರಚುವಾಗ್ಲೇ ಬಂತು. ಚದುರ್ಕೊಂಡಿದ್ದ ಹಕ್ಕಿಗಳನ್ನ ಗುಂಪು ಮಾಡ್ಕೊಟ್ಟೋರು ನಾವು ಕಣೋ."

ಪುರಿ ಇನ್ನೂ ಬೇಕಾದಷ್ಟಿತ್ತು. ಕವರಿನ ಬಾಯಿಗೆ ಗಂಟು ಹಾಕಿಬಿಟ್ಟರು.

ಸ್ವಲ್ಪ ಹೊತ್ತಿಗೆ ಹಕ್ಕಿಗಳು ವಾಪಸ್ ಬಂದವು. ಒಂದಂತೂ ಅತ್ತಿಗೆಯ ಮುಖದ ಎದುರಿಗೇ ರೆಕ್ಕೆ ಬಡಿಯುತ್ತಾ ಕೂಗಿತು. ಅತ್ತಿಗೆಯ ಬೆರಳು ಗಂಟಿನ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಇವು ಹತ್ರ ಬಂದ್ರೆ ನಿಮ್ಮಣ್ಣ ಪಕ್ಕದಲ್ಲಿ ನಿಂತಂಗಿರುತ್ತೆ. ಇನ್ಮೇಲೆ ದೂರದಿಂದಾನೇ ನೋಡ್ಬೇಕು."

 

ಜನರ ಪುರಿ ಮುಗಿಯಿತು, ಜನರೂ ಹೊರಟರು. ಹಕ್ಕಿಗಳು ನೀರಿನ ನಡುವೆ, ದೂರ ದೂರ ಹೋಗಿ ಕೂತವು. ನಮ್ಮ ಕಣ್ಣಿಗೆ ಬರೀ ಬಿಳಿ ಚುಕ್ಕೆಗಳು. ಅತ್ತಿಗೆ ಹುಬ್ಬಿಗೆ ಕೈ ಅಡ್ಡ ಹಿಡಿದು, ಬಿಸಿಲೇರುವವರೆಗೂ ನೋಡುತ್ತಲೇ ನಿಂತರು.

ಹತ್ತಿರ ಬರಲಿ ಅಂತ ಜೀವ ಬಡ್ಕೊಳ್ಳುವಾಗಲೂ ಕರೆಯದೇ ಇರೋದು, ನಮ್ಮಲ್ಲಿ ಎಷ್ಟು ಜನರಿಂದ ಆದೀತು ಹೇಳಿ?