ಸೊಪ್ಪು ಎಸೆದು ಹೊಳೆ ನೋಡುತ್ತಿದ್ದವನು

ನಮ್ಮ ಕೇರಿಯ ಹುಡುಗ ಬಿ.ಎ. ಆಗುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನನ್ನ ಸ್ವಂತ ದೊಡ್ಡಪ್ಪ. ಬೆಂಗಳೂರಿನ ಕಾಲೇಜಿಗೆ ಸೇರಲು ಮಾರನೆಯ ದಿನವೇ ಕೊನೆ ಅನ್ನುವಾಗ ಪಿನಾಕಿನಿ ಹೊಳೆ ತುಂಬಿ ಬಂತು. ಸಂಜೆ ಹೊರಡುವ ಯುದ್ಧಕಾಲದ, ಇದ್ದಿಲು ಉರಿಸಿ ಓಡಿಸುವ ಬಸ್ಸು ಆಚೆ ದಡದಲ್ಲಿತ್ತು.

ಕಡವಿನಲ್ಲಿ ಇಬ್ಬರು ಹರಿಗೋಲಿನವರು. ಒಬ್ಬ, "ಬನ್ನಿ ಬನ್ನಿ, ಎಲೆ ಅಡಿಕೆ ಹಾಕ್ಕೊಳ್ಳೋದ್ರೊಳ್ಗೆ ಆಚೆ ಬಿಡ್ತೀನಿ" ಎಂದು ಜನ ತುಂಬುತ್ತಿದ್ದ. ಇನ್ನೊಬ್ಬ ಮುದುಕ. ಹೊಂಗೆ ಸೊಪ್ಪಿನ ಕೊಂಬೆ ಮುರಿದು ನೀರಿಗೆಸೆದು, ಅದು ಹೋಗುವ ದಾರಿಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಕೊಂಬೆ ಸುಳಿಗೆ ಸಿಕ್ಕಿ ಮುಳುಗಿತು.

"ತಡೀರಿ, ಇನ್ನೂ ಆಗ್ಲಿಲ್ಲ."

ಯಾರು ಏನು ಕೇಳಿದರೂ ಅವನದು ಅದೊಂದೇ ಮಾತು.

ನಾನು ಮೊದಲನೆಯವನ ಕಡೆ ಓಡಿದೆ. ಕಳಿಸಿಕೊಡಲು ಬಂದಿದ್ದ ಅವ್ವ ಅಂಗಿ ಹಿಡಿದೆಳೆದಳು. "ಆಗಲ್ಲ ಅನ್ನೋಕೆ ಗೊತ್ತಿರೋನ್ ಜೊತೆ ಹೋಗು ಕಣ್ಲಾ."

"ಬಸ್ಸು ತಪ್ಪುತ್ತೆ ಕಣವ್ವಾ!"

"ತಪ್ಲಿ."

ತುಂಬಿದ ಹರಿಗೋಲು ಹೊರಟಿತು. ನಡುಹೊಳೆಯಲ್ಲಿ ಗಿರಗಿರನೆ ಸುತ್ತಿ ಬಂಡೆಗೆ ಬಡಿದು ಮಗುಚಿತು. ಜನ ಕೆಳಗಿನ ತಿರುವಿನಲ್ಲಿ ಮರದ ಬೇರು ಹಿಡಿದು ಅರಚುತ್ತಾ ಹೇಗೋ ಉಳಿದುಕೊಂಡರು.

ಮುದುಕ ಕೊಂಬೆ ಎಸೆಯುತ್ತಲೇ ಇದ್ದ. ಹೊತ್ತಿಳಿಯುವಾಗ ಒಂದು ಕೊಂಬೆ ಬಂಡೆ ಬಳಸಿ ಆಚೆ ದಡ ಮುಟ್ಟಿತು.

"ಈಗ ಹತ್ತು ಕಣ್ಲಾ, ನೀನೊಬ್ನೇ. ಅಕ್ಕಯ್ಯ, ನೀನಿಲ್ಲೇ ಇರು."

ಕೊಂಬೆ ಹೋದ ದಾರಿಯಲ್ಲೇ ಹುಟ್ಟು ಹಾಕಿದ. ನಾನು ಕಣ್ಣು ಬಿಡಲಿಲ್ಲ. ಇಳಿದ ಮೇಲೆ ಏನಾದರೂ ಹೇಳುತ್ತಾನೆಂದು ನಿಂತೆ. ಅವನು ಆಗಲೇ ಹೊಸ ಕೊಂಬೆ ಮುರಿಯುತ್ತಿದ್ದ. ನಾನು ಓಡಿದೆ; ಬಸ್ಸು ಇನ್ನೂ ಹೊರಟಿರಲಿಲ್ಲ.

ಬಿ.ಎ. ಆದ ಮೇಲೆ ಪ್ರಮಾಣಪತ್ರವನ್ನು ತಂದು ಅವ್ವನ ಕೈಗಿಟ್ಟೆ. ಓದು ಬಾರದ ಅವಳು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

"ಅವತ್ತು ಆ ಬಾಯಿಬಡುಕನ ಜೊತೆ ನಿನ್ನ ಕಳಿಸ್ಬುಟ್ಟಿದ್ರೆ, ಇದ್ನ ನಂಗೆ ಯಾರ್ಲಾ ತಂದ್ಕೊಡೋರು?"